ನೀರಿನ ಡಬ್ಬಿಯಲ್ಲಿದ್ದ ಔಷಧಿ

ನಾನು ಮೊದಲು ಕೆಲಸಕ್ಕೆ ಸೇರಿದ್ದು ಟಿ. ನರಸೀಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ, ತೊಂಬತ್ತರ ದಶಕದ ಶುರುವಿನಲ್ಲಿ. ಹದಿನಾಲ್ಕು ಮಂಚ, ಒಂದು ಹೆರಿಗೆ ಕೋಣೆ, ಒಬ್ಬ ಡಾಕ್ಟರು, ಮೂವರು ನರ್ಸುಗಳು, ಇಬ್ಬರು ಆಯಾಗಳು. ಅದು ಮುಚ್ಚಿ ಎಷ್ಟೋ ವರ್ಷವಾಯಿತು. ನಮ್ಮೂರು ಕವಲಂದೆ ಕಡೆ. ನಮ್ಮ ಮನೆಯ ಹೆಂಗಸರೆಲ್ಲ ಕಂಡವರ ಹೊಲಗದ್ದೆಗಳಲ್ಲಿ ಕೂಲಿ ಮಾಡಿದವರು. ಬಿಳಿ ಸೀರೆ ಉಟ್ಟು, ತಲೆಗೆ ಟೋಪಿ ಇಟ್ಟು ಕೆಲಸಕ್ಕೆ ಹೋದವಳು ನಾನೇ ಮೊದಲು. ನಾನು ರಜೆಗೆ ಊರಿಗೆ ಹೋದರೆ ಅವ್ವ ಆ ಸೀರೆಯನ್ನು ಯಾರಿಗೂ ಒಗೆಯಲು ಕೊಡುತ್ತಿರಲಿಲ್ಲ, ತಾನೇ ಒಗೆದು ಹರವುತ್ತಿದ್ದಳು. ಈ ಕೆಲಸ ಹೋಗಿಬಿಟ್ಟರೆ ಏನು ಗತಿ ಅನ್ನುವ ಹೆದರಿಕೆ ನನಗೆ ಮೊದಲ ದಿನದಿಂದಲೂ ಇತ್ತು.

ಮೂವರು ನರ್ಸುಗಳಲ್ಲಿ ದೊಡ್ಡವರನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಎಂಟು ವರ್ಷ ಹಿರಿಯರು, ಹುಲ್ಲಹಳ್ಳಿಯವರು. ಗಂಡ ನಾಲೆ ಕಚೇರಿಯಲ್ಲಿ ಕೆಲಸದಲ್ಲಿದ್ದರು, ಇಬ್ಬರು ಹೆಣ್ಣುಮಕ್ಕಳು. ಆಗ ನರಸೀಪುರದಲ್ಲೇ ಮನೆ ಮಾಡಿದ್ದರು. ನನಗೆ ಕೈ ಹಿಡಿದು ಕೆಲಸ ಕಲಿಸಿದವರು ಅವರೇ. ನರ ಸಿಗದ ಮುದುಕರ ಕೈಯನ್ನು ಹೇಗೆ ಹಿಡಿಯಬೇಕು, ಅಳುವ ಮಗುವಿನ ತಾಯಿಯನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲ. ಒಂದು ಮಾತನ್ನು ಅವರು ದಿನವೂ ಹೇಳುತ್ತಿದ್ದರು: "ತೆಗೆಯೋವಾಗ ಒಂದ್ಸಲ ಓದು, ತುಂಬೋವಾಗ ಒಂದ್ಸಲ ಓದು, ಬಿಸಾಕೋವಾಗ ಒಂದ್ಸಲ ಓದು."

ಔಷಧಿ ಬೀರುವಿನ ಎರಡನೇ ಅರೆಯಲ್ಲಿ ರಟ್ಟಿನ ಡಬ್ಬಿಗಳು ಸಾಲಾಗಿರುತ್ತಿದ್ದವು. ಒಂದರಲ್ಲಿ ಪುಡಿ ಇಂಜೆಕ್ಷನ್ ಕಲಸುವ ಶುದ್ಧ ನೀರಿನ ಆಂಪ್ಯೂಲುಗಳು. ಪಕ್ಕದ್ದರಲ್ಲಿ ಪೊಟ್ಯಾಸಿಯಂ. ವಾಂತಿಭೇದಿಯಿಂದ ಸೋತು ಬಂದವರಿಗೆ ಅದನ್ನು ದೊಡ್ಡ ಡ್ರಿಪ್ ಬಾಟಲಿಗೆ ಬೆರೆಸಿ, ಗಂಟೆಗಟ್ಟಲೆ ಹನಿಹನಿಯಾಗಿ ಬಿಡಬೇಕು. ಹಾಗೇ ನೇರವಾಗಿ ನರಕ್ಕೆ ತಳ್ಳಿದರೆ ಹೃದಯ ನಿಂತುಹೋಗುತ್ತದೆ. ಎರಡೂ ಬೆರಳುದ್ದದ ಗಾಜಿನ ಆಂಪ್ಯೂಲುಗಳು, ಒಳಗಿರುವುದು ಎರಡರಲ್ಲೂ ನೀರಿನಂತೆಯೇ ಕಾಣುವುದು. ಗಾಜಿನ ಮೇಲಿನ ಸಣ್ಣ ಅಕ್ಷರ ಬಿಟ್ಟರೆ ಬೇರೆ ಗುರುತಿಲ್ಲ. ಡ್ಯೂಟಿ ಮುಗಿಯುವಾಗ ಟ್ರೇಯಲ್ಲಿ ಮಿಕ್ಕಿದ್ದನ್ನು ನಾವು ವಾಪಸ್ಸು ಡಬ್ಬಿಗೆ ಹಾಕುತ್ತಿದ್ದೆವು. ಬಸ್ಸಿಗೆ ಹೊತ್ತಾದ ದಿನ ಯಾವುದು ಯಾವ ಡಬ್ಬಿಗೆ ಬಿತ್ತು ಎಂದು ಯಾರೂ ಬಗ್ಗಿ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಒಬ್ಬ ಬಾಣಂತಿಗೆ ಇಂಜೆಕ್ಷನ್ ಕಲಸಲೆಂದು ನೀರಿನ ಡಬ್ಬಿಗೆ ಕೈ ಹಾಕಿದೆ. ಆಂಪ್ಯೂಲಿನ ಕತ್ತು ಮುರಿಯುವ ಮುಂಚೆ ಕಣ್ಣು ಅಕ್ಷರದ ಮೇಲೆ ಹೋಯಿತು. ಪೊಟ್ಯಾಸಿಯಂ. ಆ ಹುಡುಗಿ ಪಕ್ಕದಲ್ಲಿ ಮಗುವನ್ನು ಹಾಕಿಕೊಂಡು ನನ್ನ ಕಡೆಗೇ ನೋಡುತ್ತಿದ್ದಳು. ನಾನು ಏನೂ ಆಗದವಳಂತೆ ಬೀರುವಿಗೆ ಹೋಗಿ, ಅದನ್ನು ಅದರ ಡಬ್ಬಿಗೆ ಹಾಕಿ, ನೀರಿನ ಆಂಪ್ಯೂಲ್ ತಂದು, ಎರಡು ಸಲ ಓದಿ, ಇಂಜೆಕ್ಷನ್ ಕೊಟ್ಟೆ.

ಯಾರಿಗೂ ಹೇಳಲಿಲ್ಲ. ಹೇಳಬೇಕು ಅಂತ ಅನ್ನಿಸಲೂ ಇಲ್ಲ. ಹೇಳಿದರೆ ಯಾರು ಹಾಕಿದ್ದು ಎನ್ನುವ ಪ್ರಶ್ನೆ ಬರುತ್ತದೆ. ಹಿಂದಿನ ದಿನ ಮಿಕ್ಕಿದ್ದನ್ನು ವಾಪಸ್ಸು ಹಾಕಿದವಳು ನಾನೇ ಇದ್ದಿರಬಹುದು. ಅದಕ್ಕಿಂತ ಹೆಚ್ಚಾಗಿ, ಓದಿ ಉಳಿಸಿಕೊಂಡೆನಲ್ಲ, ನಾನು ಜಾಣೆ ಎನ್ನುವ ಸಣ್ಣ ಹೆಮ್ಮೆ. ಸಂಜೆ ರೂಮಿಗೆ ಹೋಗುವಾಗ ಆ ಹೆಮ್ಮೆಯಲ್ಲೇ ಹೋದೆ. ಆ ಡಬ್ಬಿಯಲ್ಲಿ ಅಂಥದು ಇನ್ನೊಂದು ಇರಬಹುದೇ ಎಂದು ಪೂರ್ತಿ ಸುರುವಿ ನೋಡಲೂ ಇಲ್ಲ.

ಇದಾದ ಹತ್ತು ಹನ್ನೆರಡು ದಿನಕ್ಕೆ ಹೊಳೆಯಾಚೆಯ ಹಳ್ಳಿಯಿಂದ ಒಬ್ಬರು ಬಂದು ಸೇರಿದರು. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವರು, ನಲವತ್ತರ ಆಸುಪಾಸು. ಕಾಲಿಗೆ ಕಬ್ಬಿಣದ ಪಟ್ಟಿ ತಗುಲಿ ಗಾಯವಾಗಿ, ಕೀವಾಗಿ, ಮೊಣಕಾಲಿನವರೆಗೆ ಊದಿತ್ತು. ದಿನಕ್ಕೆ ನಾಲ್ಕು ಸಲ ನರಕ್ಕೆ ಇಂಜೆಕ್ಷನ್. ಮಾತಿನ ಮನುಷ್ಯ. ಯಾರು ಸೂಜಿ ಹಿಡಿದು ಹೋದರೂ, "ಇದ್ಯಾವುದು ಸಿಸ್ಟ್ರೇ, ಎಸರು ಏಳಿ" ಎಂದು ಕೇಳಿ, ಹೇಳಿದ್ದನ್ನು ತಮಗೆ ಬಂದ ಹಾಗೆ ಇನ್ನೊಂದು ಸಲ ಹೇಳಿ ನಗುತ್ತಿದ್ದರು. ಹೆಂಡತಿ ಮಂಚದ ಪಕ್ಕ ನೆಲದ ಮೇಲೇ ಇರುತ್ತಿದ್ದಳು. ಐದನೇ ದಿನಕ್ಕೆ ಊತ ಇಳಿದು ಚರ್ಮ ಸುಕ್ಕುಗಟ್ಟಿತು. ನಾಳೆ ಮನೆಗೆ ಹೋಗಬಹುದು ಎಂದು ಡಾಕ್ಟರು ರೌಂಡ್ಸಿನಲ್ಲಿ ಹೇಳಿ ಹೋದರು.

ಅವತ್ತು ಮೂರನೆಯ ನರ್ಸಿಗೆ ರಜೆ. ಇಡೀ ವಾರ್ಡು ನನ್ನ ಮೇಲೆ ಮತ್ತು ಅಕ್ಕನ ಮೇಲೆ. ಹೆರಿಗೆ ಕೋಣೆಯಲ್ಲಿ ಒಬ್ಬಳು ನೋವು ತಿನ್ನುತ್ತಿದ್ದಳು, ಅಕ್ಕ ಅಲ್ಲಿಗೂ ಇಲ್ಲಿಗೂ ಓಡಾಡುತ್ತಿದ್ದರು. ಬೆಳಿಗ್ಗೆ ಹನ್ನೊಂದರ ಹೊತ್ತು. ನಾನು ಎದುರು ಮಂಚದ ಅಜ್ಜನಿಗೆ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಗಿರಣಿಯವರ ಹೆಂಡತಿ ಕಾಫಿ ತರಲು ಲೋಟ ಹಿಡಿದು ಹೊರಗೆ ಹೋಗಿದ್ದಳು. ಅಕ್ಕ ಗಿರಣಿಯವರ ಪಕ್ಕ ನಿಂತು ಇಂಜೆಕ್ಷನ್ ತಳ್ಳುತ್ತಿದ್ದದ್ದು ನನ್ನ ಬೆನ್ನ ಹಿಂದೆ.

"ಉರೀತದೆ ಸಿಸ್ಟ್ರೇ. ಇವತ್ತು ಯಾಕೋ ಬಾಳ ಉರೀತದೆ" ಎಂದದ್ದು ಕೇಳಿಸಿತು.

"ಆಯ್ತು, ಇನ್ನೇನು ಮುಗೀತು" ಎಂದರು ಅಕ್ಕ.

ಆಮೇಲೆ ಮಂಚ ಅಲ್ಲಾಡಿದ ಸದ್ದು. ನಾನು ತಿರುಗಿ ನೋಡುವಷ್ಟರಲ್ಲಿ ಅವರ ಕತ್ತು ಒಂದು ಕಡೆಗೆ ವಾಲಿತ್ತು. ಅಕ್ಕ ಟ್ರೇಯಲ್ಲಿದ್ದ ಖಾಲಿ ಆಂಪ್ಯೂಲನ್ನು ಎತ್ತಿ ಬೆಳಕಿಗೆ ಹಿಡಿದು ಓದುತ್ತಿದ್ದರು. ಅವರ ಮುಖ ನನಗೆ ಈಗಲೂ ಕಾಣುತ್ತದೆ. "ಡಾಕ್ಟರನ್ನ ಕರಿ" ಎಂದರು. ದನಿಯಲ್ಲಿ ಜೋರೇ ಇರಲಿಲ್ಲ.

ಡಾಕ್ಟರು ಓಡಿ ಬಂದರು. ಅಕ್ಕ ಅಷ್ಟು ಹೊತ್ತಿಗೆ ಎದೆ ಒತ್ತುತ್ತಿದ್ದರು. ಒತ್ತುತ್ತಲೇ ಹೇಳಿದರು, "ಸಾರ್, ನನ್ನಿಂದ ತಪ್ಪಾಗಿದೆ. ನೀರು ಅಂದ್ಕೊಂಡು ಪೊಟ್ಯಾಸಿಯಂನಲ್ಲಿ ಕಲಸಿ ಕೊಟ್ಟುಬಿಟ್ಟಿದ್ದೀನಿ." ಎಲ್ಲರೆದುರಿಗೆ, ಇಂಗ್ಲಿಷ್ ಬೆರೆಸಿ ಮರೆಮಾಡದೆ ಹೇಳಿದರು. ಅದನ್ನು ಆಗಲೇ ಹೇಳಿದ್ದರಿಂದಲೇ ಡಾಕ್ಟರಿಗೆ ಪೊಟ್ಯಾಸಿಯಂ ಏಟು ತಗ್ಗಿಸಲು ಕ್ಯಾಲ್ಸಿಯಂ ಕೊಡಬೇಕೆಂದು ತಿಳಿದದ್ದು. ಅರ್ಧ ಗಂಟೆಯ ಮೇಲೆ ಒದ್ದಾಡಿದರು. ಡಾಕ್ಟರ ಅಂಗಿ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿತ್ತು. ಉಳಿಯಲಿಲ್ಲ.

ಹೆಂಡತಿ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಯಾವಾಗ ಬಂದು ನಿಂತಳೋ ಯಾರೂ ನೋಡಿರಲಿಲ್ಲ. ಡಾಕ್ಟರು ಅವಳ ಹತ್ತಿರ ಹೋಗಿ, "ಹಾರ್ಟ್ ಅಟ್ಯಾಕ್ ಆಯ್ತಮ್ಮ. ನಮ್ಮ ಕೈಲಿ ಏನೂ ಉಳೀಲಿಲ್ಲ" ಎಂದರು.

ನಮ್ಮ ಡಾಕ್ಟರು ಕೆಟ್ಟವರೇನಲ್ಲ. ಬಡವರು ಬಂದರೆ ಮುಖ ಸಿಂಡರಿಸಿದವರಲ್ಲ. ಮಳೆ ಬಂದು ರಸ್ತೆ ಕೆಟ್ಟ ದಿನ ಪಂಚೆ ಕಟ್ಟಿಕೊಂಡು ಹಳ್ಳಿಗೆ ನಡೆದು ಹೋಗಿ ಹೆರಿಗೆ ಮಾಡಿಸಿ ಬಂದವರು. ಅವತ್ತು ಮಧ್ಯಾಹ್ನ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಕೇಸ್ ಶೀಟಿನಲ್ಲಿ ಹಾರ್ಟ್ ಅಟ್ಯಾಕ್ ಅಂತಲೇ ಬರೆಯಮ್ಮ" ಎಂದರು ಅಕ್ಕನಿಗೆ.

"ಹಾಗಲ್ಲವಲ್ಲ ಸಾರ್."

"ಅಲ್ಲ ಅಂತ ನನಗೂ ಗೊತ್ತು. ನಿಜ ಬರೆದರೆ ಏನಾಗುತ್ತೆ ಯೋಚನೆ ಮಾಡಿದ್ದೀಯಾ? ಅವನು ಎದ್ದು ಬರ್ತಾನಾ? ಪೊಲೀಸರು ಬರ್ತಾರೆ. ನಿನ್ನನ್ನ ಕರ್ಕೊಂಡು ಹೋಗ್ತಾರೆ. ನಿನ್ನ ಮಕ್ಕಳನ್ನ ಯಾರು ನೋಡ್ಕೋತಾರೆ? ನಾನು ಇದನ್ನ ಮುಚ್ಚಬೇಕಾಗುತ್ತೆ. ಆಮೇಲೆ ಈ ಹಳ್ಳಿಗಳ ಹೆಂಗಸರೆಲ್ಲ ನೋವು ತಿಂತಾ ಮೈಸೂರಿಗೆ ಹೋಗ್ಬೇಕು."

ಅಕ್ಕ ತಲೆ ತಗ್ಗಿಸಿಕೊಂಡೇ ಇದ್ದರು. "ಅವರ ಹೆಂಡ್ತಿಗಾದ್ರೂ ಹೇಳ್ಬೇಕು ಸಾರ್" ಎಂದರು.

"ಹೇಳಿ ಏನು ಮಾಡ್ತೀಯ?"

"ಗೊತ್ತಿಲ್ಲ ಸಾರ್. ಹೇಳ್ಬೇಕು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಒತ್ತಿಕೊಂಡರು. "ಮನೆಗೆ ಹೋಗು. ನಾಳೆಯಿಂದ ಬರಬೇಡ" ಎಂದರು. ಅಕ್ಕ ಎದ್ದು ಹೋದರು. ನಾನು ಹಿಂದೆಯೇ ಹೋಗಬಹುದಿತ್ತು. ಕೂತೇ ಇದ್ದೆ. ಡಾಕ್ಟರು ಕೇಸ್ ಶೀಟನ್ನು ನನ್ನ ಕಡೆ ತಳ್ಳಿದರು. ನಾನು ಎರಡು ಸಾಲು ಬರೆದೆ. ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ರೋಗಿಗೆ ಇದ್ದಕ್ಕಿದ್ದಂತೆ ಉಸಿರು ನಿಂತಿತು, ಡಾಕ್ಟರಿಗೆ ತಿಳಿಸಲಾಯಿತು. ಅದರಲ್ಲಿ ಒಂದು ಪದವೂ ಸುಳ್ಳಲ್ಲ ಎಂದು ನನಗೆ ನಾನೇ ಆಮೇಲೆ ಬಹಳ ಸಲ ಹೇಳಿಕೊಂಡಿದ್ದೇನೆ. ಕೆಳಗೆ ಸಹಿ ಹಾಕಿದೆ. ಸಂಜೆಯೊಳಗೆ ಅವರ ಊರಿನವರು ಟೆಂಪೊ ತಂದು ಹೆಣ ತೆಗೆದುಕೊಂಡು ಹೋದರು.

ಮಾರನೆಯ ದಿನ ನಾನು ಕೆಲಸಕ್ಕೆ ಹೋದಾಗ ಪೊಟ್ಯಾಸಿಯಂ ಡಬ್ಬಿ ಬೀರುವಿನಲ್ಲಿ ಇರಲಿಲ್ಲ. ಡಾಕ್ಟರು ಅದನ್ನು ತಮ್ಮ ಕೋಣೆಯ ಬೀಗದ ಕಪಾಟಿನಲ್ಲಿ ಇಟ್ಟಿದ್ದರು. ಯಾಕೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಕ್ಕನ ಜಾಗಕ್ಕೆ ಬಂದ ಹೊಸ ಹುಡುಗಿ ಒಂದು ದಿನ, "ಇದೊಂದಕ್ಕೆ ಯಾಕೆ ಬೀಗ?" ಎಂದಳು. "ಮೊದಲಿಂದಲೂ ಹಾಗೇ" ಎಂದೆ. ಅಕ್ಕ ಮನೆ ಖಾಲಿ ಮಾಡಿಕೊಂಡು ಹುಲ್ಲಹಳ್ಳಿಗೆ ಹೋದರು ಎಂದು ಆಯಾ ಹೇಳಿದಳು. ಹೋಗಿ ನೋಡಬೇಕು ಎಂದುಕೊಂಡೆ. ಹೋಗಲಿಲ್ಲ. ಹೋದರೆ ಆ ಡಬ್ಬಿಯ ವಿಷಯ ಹೇಳಬೇಕಾಗುತ್ತಿತ್ತು.

ಮೂರು ವರ್ಷದ ಮೇಲೆ ನನಗೆ ಮದುವೆಯಾಯಿತು. ಗಂಡನಿಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ನಾನೂ ಅಲ್ಲೇ ಒಂದು ಆಸ್ಪತ್ರೆಗೆ ಸೇರಿದೆ. ಮಗ ಹುಟ್ಟಿದ, ನಮ್ಮದೇ ಮನೆಯಾಯಿತು, ಕೆಲಸದಲ್ಲಿ ವಾರ್ಡಿನ ಇನ್‌ಚಾರ್ಜ್ ಆದೆ. ಔಷಧಿ ಬೀರುವಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು ಎಂದು ಹುಡುಗಿಯರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಒಂದೊಂದು ಡಬ್ಬಿಯ ಮೇಲೂ ದಪ್ಪ ಅಕ್ಷರದಲ್ಲಿ ಹೆಸರು ಬರೆಸಿದ್ದೆ. ಮಿಕ್ಕಿದ್ದನ್ನು ವಾಪಸ್ಸು ಹಾಕುವಾಗ ಇಬ್ಬರು ಇರಲೇಬೇಕು. ಯಾಕೆ ಇಷ್ಟು ಎಂದು ಕೇಳಿದರೆ ಗದರಿಬಿಡುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಮೈಸೂರಿನಲ್ಲಿ ನಮ್ಮಂಥ ನರ್ಸುಗಳಿಗೆ ಎರಡು ದಿನದ ತರಬೇತಿ ಇತ್ತು. ಪಾಠ ಮಾಡಲು ಬಂದ ಒಬ್ಬ ಹೆಂಗಸು, ನಿಮ್ಮ ಆಸ್ಪತ್ರೆಯಲ್ಲಿ ಔಷಧಿ ತಪ್ಪಾದರೆ, ತಪ್ಪಾಗುವುದರಲ್ಲಿದ್ದು ಕೊನೇ ಗಳಿಗೆಯಲ್ಲಿ ಕಂಡು ತಡೆದರೂ ಸಹ, ಬರೆದಿಡಿ, ಬರೆದವರ ಹೆಸರು ಬೇಡ, ಏನಾಯಿತು ಅನ್ನುವುದು ಸಾಕು ಎಂದರು. ನನಗೆ ಅಲ್ಲಿ ಕೂರಲು ಆಗಲಿಲ್ಲ. ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದೆ. ವಾಪಸ್ಸು ಬಂದವಳು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಬೀರುವಿನ ಪಕ್ಕ ದಾರ ಕಟ್ಟಿ ತೂಗುಹಾಕಿದೆ. ಹುಡುಗಿಯರನ್ನೆಲ್ಲ ನಿಲ್ಲಿಸಿ ಹೇಳಿದೆ. ಎಲ್ಲರೂ ಆಯ್ತು ಮೇಡಂ ಎಂದರು. ತಿಂಗಳುಗಟ್ಟಲೆ ಅದರಲ್ಲಿ ಒಂದು ಅಕ್ಷರ ಬೀಳಲಿಲ್ಲ.

ಆಗ ವಾರ್ಡಿನಲ್ಲಿ ಒಬ್ಬಳು ಹೊಸಬಳಿದ್ದಳು. ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ನನ್ನನ್ನು ಬಟ್ಟೆ ಬದಲಿಸುವ ಕೋಣೆಗೆ ಕರೆದಳು. ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರು. ಒಬ್ಬರ ಇನ್ಸುಲಿನ್ನನ್ನು ಇನ್ನೊಬ್ಬರಿಗೆ, ಸಕ್ಕರೆ ಕಾಯಿಲೆಯೇ ಇಲ್ಲದವರಿಗೆ ಕೊಟ್ಟುಬಿಟ್ಟಿದ್ದಳು. ಕೊಟ್ಟು ಐದು ನಿಮಿಷವಾಗಿತ್ತು.

"ಸಕ್ಕರೆ ನೀರು ಕುಡಿಸಿಬಿಡ್ಲಾ ಮೇಡಂ? ಯಾರಿಗೂ ಗೊತ್ತಾಗಲ್ಲ" ಎಂದಳು.

"ಡಾಕ್ಟರಿಗೆ ಹೇಳೋಣ ಬಾ. ಹೇಳಿದರೆ ನಿನಗೇನೂ ಆಗಲ್ಲ, ನಾನಿದ್ದೀನಿ" ಎಂದೆ.

ಹೇಳಿದೆವು. ಡ್ರಿಪ್ ಹಾಕಿದರು, ಗಂಟೆಗೊಮ್ಮೆ ರಕ್ತ ನೋಡಿದರು. ಆ ರೋಗಿಗೆ ಏನೂ ಆಗಲಿಲ್ಲ. ಆದರೆ ಮೂರನೇ ದಿನ ಆಡಳಿತದವರಿಂದ ಅವಳಿಗೆ ನೋಟಿಸ್ ಬಂತು. ನಾನು ಹೋಗಿ ವಾದ ಮಾಡಿದೆ. ಅವಳು ತಾನಾಗಿಯೇ ಹೇಳಿದ್ದಕ್ಕೆ ಆ ಮನುಷ್ಯ ಉಳಿದಿದ್ದು, ನೋಟಿಸ್ ಕೊಡುವುದಾದರೆ ನನಗೂ ಕೊಡಿ ಎಂದೆ. ನನಗೂ ಒಂದು ಕೊಟ್ಟರು. ಎರಡು ತಿಂಗಳಿಗೆ ಆ ಹುಡುಗಿ ಕೆಲಸ ಬಿಟ್ಟಳು. ಹೋಗುವ ದಿನ ನನ್ನ ಎದುರು ನಿಂತು ಕೇಳಿದಳು, "ನೀವು ಯಾವತ್ತಾದ್ರೂ ಹೀಗೆ ಹೇಳಿದ್ದೀರಾ ಮೇಡಂ? ನಿಮ್ಮ ತಪ್ಪನ್ನ?" ಅವಳ ಮಾತಿನಲ್ಲಿ ಕೋಪವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದು. ನಾನು ಇಲ್ಲ ಎಂದೆ.

ಆ ಭಾನುವಾರ ಹುಲ್ಲಹಳ್ಳಿ ಬಸ್ಸು ಹತ್ತಿದೆ. ಹನ್ನೊಂದು ಹನ್ನೆರಡು ವರ್ಷವಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಬ್ಲೌಸ್ ಹೊಲಿಯುವ ಸಿಸ್ಟರ್ ಮನೆ ಎಂದು ತೋರಿಸಿದರು. ಅಕ್ಕ ಜಗಲಿಯ ಮೇಲೆ ಮಿಷನ್ ಹಾಕಿಕೊಂಡು ಕೂತಿದ್ದರು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದು, "ಬಾ ಒಳಗೆ, ದಪ್ಪ ಆಗಿದ್ದೀಯ" ಎಂದರು. ಕಾಫಿ ಮಾಡಿದರು. ಒಳಗೆ ಅವರ ಅತ್ತೆ ಮಲಗಿದ್ದರು. ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. ನಾವು ಮಾತಾಡುತ್ತಿರುವಾಗ ಅಕ್ಕನ ಗಂಡ ಬಂದು ಸಿರಿಂಜಿಗೆ ಔಷಧಿ ಎಳೆದು, ಕಣ್ಣಿನ ಹತ್ತಿರ ಹಿಡಿದು ಗೆರೆ ನೋಡಿ ತಾಯಿಗೆ ಕೊಟ್ಟರು. ಅಕ್ಕ ಆ ಕಡೆ ನೋಡದೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಡಿಸುತ್ತಿದ್ದರು.

"ನಾನು ಅವತ್ತಿನಿಂದ ಸಿರಿಂಜ್ ಮುಟ್ಟಿಲ್ಲ. ಇವರೇ ಕಲಿತುಕೊಂಡ್ರು" ಎಂದರು.

ಗಂಡ ಹೊರಗೆ ಹೋದ ಮೇಲೆ ನಾನು ಹೇಳಿದೆ. ಆ ಬಾಣಂತಿಯ ವಿಷಯ, ಆ ಡಬ್ಬಿಯ ವಿಷಯ. ಅದು ನೀರಿನ ಡಬ್ಬಿಯಲ್ಲಿ ಇದ್ದದ್ದು ನನಗೆ ಗೊತ್ತಿತ್ತು, ಹೇಳಲಿಲ್ಲ ಎಂದೆ.

ಅಕ್ಕ ಸೆರಗಿನ ಅಂಚು ಬಿಟ್ಟು ನನ್ನ ಕಡೆ ತಿರುಗಿದರು. "ಎಷ್ಟು ದಿನ ಮುಂಚೆ?" ಎಂದರು.

"ಹತ್ತು ಹನ್ನೆರಡು ದಿನ."

"ನಾನೂ ಒಂದ್ಸಲ ನೋಡಿದ್ದೆ ಕಣೆ" ಎಂದರು. "ಅದಕ್ಕೂ ಮುಂಚೆ, ಬೇಸಿಗೇಲಿ. ನೀರಿನ ಡಬ್ಬೀಲಿ ಒಂದು ಸಿಕ್ಕಿತ್ತು. ತೆಗೆದು ಪಕ್ಕದ ಡಬ್ಬಿಗೆ ಹಾಕಿ ಸುಮ್ಮನಾದೆ. ನೀನು ಹೊಸಬಳು, ನೀನೇ ಹಾಕಿರ್ತೀಯ ಅಂದ್ಕೊಂಡೆ. ಹೇಳಿದ್ರೆ ಡಾಕ್ಟರು ನಿನ್ನ ಕಳಿಸಿಬಿಡ್ತಾರೆ ಅಂತ ಹೇಳಲಿಲ್ಲ."

ನಾನು ಅಳತೊಡಗಿದೆ. ಅವರು ಅಳಲಿಲ್ಲ. ಅವರಿಗೆ ಅಳು ಮುಗಿದುಹೋಗಿತ್ತೋ ಏನೋ. ಸ್ವಲ್ಪ ಹೊತ್ತಿನ ಮೇಲೆ ಅವರೇ ಇನ್ನೊಂದು ವಿಷಯ ಹೇಳಿದರು. ಕೆಲಸ ಬಿಡಿಸಿದ ನಾಲ್ಕನೇ ದಿನ ಅವರು ಒಬ್ಬರೇ ಬಸ್ಸು ಹಿಡಿದು ಆ ಹಳ್ಳಿಗೆ ಹೋಗಿದ್ದರು. ಮನೆ ತುಂಬ ನೆಂಟರು. ಹೆಂಡತಿಯನ್ನು ಬಾಗಿಲಿಗೆ ಕರೆದು, ನನ್ನ ಕೈತಪ್ಪಿನಿಂದ ನಿನ್ನ ಗಂಡ ಹೋದ, ಬೇರೆ ಔಷಧಿ ಕೊಟ್ಟುಬಿಟ್ಟೆ ಎಂದು ಹೇಳಿದ್ದರು. ಅವಳು, "ಡಾಕ್ಟ್ರು ಎದೆ ನಿಂತೋಯ್ತು ಅಂದ್ರು. ನೀನು ಇಂಗಂತೀಯ. ನಾನು ಯಾರ್ನ ನಂಬ್ಲಿ? ಓಗವ್ವ ಇಲ್ಲಿಂದ, ನಮ್ಮೋರು ಯಾರಾರ ನೋಡ್ಬುಟ್ಟಾರು" ಎಂದಿದ್ದಳು.

"ನಂಬಲಿಲ್ಲ ಅವಳು" ಎಂದರು ಅಕ್ಕ. "ಇನ್ನೊಬ್ಬರು ಯಾರಾದ್ರೂ ಹೇಳಿದ್ರೆ ನಂಬ್ತಿದ್ಲೋ ಏನೋ." ನನ್ನ ಮೇಲೆ ಆಪಾದನೆಯಾಗಿ ಅವರು ಅದನ್ನು ಹೇಳಲಿಲ್ಲ. ಆದರೂ ನಾನು ಅಲ್ಲಿಂದ ಎದ್ದು ಬರುವಾಗ ಆ ಮಾತನ್ನು ಹೊತ್ತುಕೊಂಡೇ ಬಂದೆ.

ಹದಿನೈದು ದಿನ ಬಿಟ್ಟು ಹೊಳೆಯಾಚೆಯ ಆ ಹಳ್ಳಿಗೆ ಹೋದೆ. ಗಿರಣಿ ಇನ್ನೂ ನಡೆಯುತ್ತಿತ್ತು. ಅವಳೇ ನಡೆಸುತ್ತಿದ್ದಳು. ತಲೆಗೆ ಟವಲ್ ಸುತ್ತಿಕೊಂಡು, ಹುಬ್ಬು ರೆಪ್ಪೆಗಳೆಲ್ಲ ಹಿಟ್ಟಿನಿಂದ ಬೆಳ್ಳಗೆ, ರಾಗಿ ಸುರುವುತ್ತಿದ್ದಳು. ಯಾರು ಎಂದು ಹೇಳಿದೆ. ಅವಳಿಗೆ ನನ್ನ ಗುರುತು ಇರಲಿಲ್ಲ. ಗಿರಣಿ ನಿಲ್ಲಿಸಿ ಹೊರಗೆ ಕಲ್ಲಿನ ಮೇಲೆ ಕೂರಿಸಿದಳು.

"ಅವತ್ತು ಆ ಸಿಸ್ಟರ್ ಬಂದು ಹೇಳಿದ್ದು ನಿಜ ಕಣವ್ವ" ಎಂದೆ. "ನಾನು ಅದೇ ಕೋಣೆಯಲ್ಲಿದ್ದೆ. ಹಾರ್ಟ್ ಅಟ್ಯಾಕ್ ಅಲ್ಲ. ಔಷಧಿ ಬದಲಾಗಿತ್ತು. ಅದು ಬದಲಾಗಬಹುದು ಅಂತ ನನಗೂ ಮುಂಚೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಹಾರ್ಟ್ ಅಟ್ಯಾಕ್ ಅಂದಾಗಲೂ ಸುಮ್ಮನಿದ್ದು ಸಹಿ ಹಾಕಿದೆ."

ಅವಳು ಕೈಯಲ್ಲಿದ್ದ ಹಿಟ್ಟನ್ನು ಸೀರೆಗೆ ಒರೆಸುತ್ತಾ ನನ್ನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೇ ಬಂದಿದ್ದೆ.

"ಅವತ್ತು ಬೆಳಿಗ್ಗೆ ನಾನು ಬಾಡಿನ ಸಾರು ತಿನ್ಸಿದ್ದೆ" ಎಂದಳು. "ಬಾಯಿ ಕೆಟ್ಟೋಗ್ಯದೆ, ಒಂದು ತುತ್ತು ತಿನ್ಬೇಕು ಅಂತ ಮುನ್ನಾ ದಿನ್ವೇ ಏಳಿತ್ತು ಆ ಜೀವ. ಊರಿಂದ ಬರೋರ ಕೈಲಿ ತರ್ಸಿ, ಗಾಯಕ್ಕೆ ನಂಜು ಅಂತೀರ ಅಂತ ನಿಮ್ಗೆಲ್ಲ ಕಾಣ್ದಂಗೆ ತಿನ್ಸಿದ್ದೆ. ಆಮ್ಯಾಕೆ ಇಂಗಾಯ್ತು. ನಮ್ಮತ್ತೆ, ನೀನೇ ತಿನ್ಸಿ ಕೊಂದೆ ಅಂತ ಸಾಯೋಗಂಟ ಅಂದ್ಲು. ನಮ್ಮ ಮೈದ್ನ ಈಗ್ಲೂ ಅಂತನೆ. ನಾನೂ ಅದೇ ಅಂದ್ಕಂಡಿದ್ದೆ."

"ಆ ಸಿಸ್ಟರ್ ಬಂದು ಹೇಳಿದ್ದರಲ್ಲ?"

"ಏಳಿದ್ಲು. ನಾನು ಅಳ್ತಿದ್ನಲ್ಲ ಅವತ್ತು, ನನ್ನ ಸಮಾಧಾನಕ್ಕೆ ತಪ್ಪು ತನ್ನ ಮ್ಯಾಲೆ ಆಕಂಡು ಏಳ್ತಾವ್ಳೆ ಅಂದ್ಕಂಡೆ. ಯಾರಾರ ತಾವಾಗಿ ಬಂದು ನಾನೇ ಮಾಡ್ದೆ ಅಂತರಾ?"

ಆಮೇಲೆ ಅವಳು ಅತ್ತಳು, ಸದ್ದಿಲ್ಲದೆ. ಹಿಟ್ಟು ಬಡಿದ ಮುಖದ ಮೇಲೆ ಎರಡು ಗೆರೆ ಬಿದ್ದವು. ಸುಧಾರಿಸಿಕೊಂಡು, "ನನ್ನ ಮೈದ್ನ ಮನೇಲವ್ನೆ. ಅವ್ನ ಮುಂದೆ ಇದ್ನೇ ಏಳ್ತೀಯಾ?" ಎಂದಳು.

ಹೋದೆ. ಅವಳ ಮೈದುನ, ಅವನ ಹೆಂಡತಿ, ದೊಡ್ಡ ಮಕ್ಕಳು, ಎಲ್ಲರೂ ನಡುಮನೆಯಲ್ಲಿ ನಿಂತಿದ್ದರು. ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆ, "ಆ ಡಾಕ್ಟ್ರು ಎಲ್ಲವ್ನೆ?" ಡಾಕ್ಟರು ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಆಸ್ಪತ್ರೆಯೂ ಮುಚ್ಚಿತ್ತು. ಅದನ್ನೂ ಹೇಳಿದೆ. "ಈಗ ಬಂದಿದ್ದೀಯಲ್ಲ, ಎಲ್ಲಾ ಮುಗುದ್ ಮ್ಯಾಕೆ" ಎಂದ. ದನಿ ಏರಿತು. ನನ್ನ ಕಡೆ ಎರಡು ಹೆಜ್ಜೆ ಬಂದವನು ನಿಂತು, ಅತ್ತಿಗೆಯ ಕಡೆ ಒಂದು ಸಲ ನೋಡಿ, ಹೆಗಲ ಮೇಲಿನ ಟವಲ್ ಎಳೆದುಕೊಂಡು ಹೊರಗೆ ಹೋಗಿಬಿಟ್ಟ. ಅವಳಿಗೆ ಒಂದು ಮಾತೂ ಆಡಲಿಲ್ಲ. ಆಡುತ್ತಾನೆ ಎಂದು ಅವಳು ಕಾದು ನಿಂತಿದ್ದದ್ದು ನನಗೆ ಕಾಣುತ್ತಿತ್ತು.

ಬಸ್ಸಿನವರೆಗೆ ಅವಳೇ ಬಂದಳು. ನನ್ನನ್ನು ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬಸ್ಸು ಬಂದಾಗ, "ಆ ಸಿಸ್ಟ್ರು ಅಷ್ಟು ದೂರ್ದಿಂದ ಬಂದಿದ್ಲು. ಒಂದು ಲೋಟ ನೀರೂ ಕೊಡ್ನಿಲ್ಲ ನಾನು" ಎಂದಳು.

ಸೋಮವಾರ ಡ್ಯೂಟಿಗೆ ಹೋದವಳು ಬೀರುವಿನ ಪಕ್ಕದ ನೋಟ್‌ಬುಕ್ ಬಿಚ್ಚಿ ಮೊದಲ ಪುಟದಲ್ಲಿ ನಾನೇ ಬರೆದೆ. ನೀರಿನ ಡಬ್ಬಿಯಲ್ಲಿ ಪೊಟ್ಯಾಸಿಯಂ ನೋಡಿದೆ, ಯಾರಿಗೂ ಹೇಳಲಿಲ್ಲ, ಆಮೇಲೆ ಒಬ್ಬರು ಸತ್ತರು. ಊರಿನ ಹೆಸರು ಹಾಕಲಿಲ್ಲ, ನನ್ನ ಹೆಸರು ಹಾಕಿದೆ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಓದಿ ಹೋದರು. ಆ ವರ್ಷ ಅದರಲ್ಲಿ ಬೇರೆಯವರ ಕೈಬರಹದಲ್ಲಿ ಏಳೆಂಟು ಸಾಲು ಸೇರಿರಬಹುದು. ಕೆಲಸ ಬಿಟ್ಟು ಹೋದ ಆ ಹುಡುಗಿಗೆ ಇದನ್ನು ತಿಳಿಸಬೇಕೆಂದು ವಿಳಾಸ ಹುಡುಕಿದೆ, ಸಿಗಲಿಲ್ಲ.

ಹುಲ್ಲಹಳ್ಳಿಗೆ ಮತ್ತೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಬಾಡಿನ ಸಾರಿನ ಮಾತು ಬಂದಾಗ ಅವರು ಮಿಷನ್ ತುಳಿಯುವುದನ್ನು ನಿಲ್ಲಿಸಿದರು. ಈಗಲಾದರೂ ಇವರಿಗೆ ಸ್ವಲ್ಪ ಹಗುರಾಗುತ್ತದೆ, ಅವಳು ನಂಬಿದಳು ಎಂದು ತಿಳಿದು ಸಮಾಧಾನವಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ.

"ನಾನು ಬಾಗಿಲಲ್ಲೇ ನಿಂತು ಹೇಳಿ ಬಂದುಬಿಟ್ಟೆ" ಎಂದರು. "ಇನ್ನೊಂದು ಸಲ ಹೋಗಬೇಕಿತ್ತು. ನಂಬೋವರೆಗೂ ಹೋಗಬೇಕಿತ್ತು. ಹೆದರಿಕೊಂಡೆ."

"ಅದೂ ನಿಮ್ಮ ತಪ್ಪಾ ಅಕ್ಕ?" ಎಂದೆ.

ಅವರು ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ತೆಗೆದು ಮಡಿಸಿ ಪಕ್ಕಕ್ಕಿಟ್ಟರು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಇಬ್ಬರೂ ಜಗಲಿಯ ಮೇಲೆ ಕೂತೇ ಇದ್ದೆವು.